ಸಕ್ಕರೆ ಕಾಯಿಲೆ: ಚೀಟಿಯ ಅಂಕಿ ಓದೋಣ

ಹಿಂದೂಪುರದ ಹತ್ತಿರದ ಹಳ್ಳಿ. ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ರಾತ್ರಿ ಪಾಠದ ನಡುವೆ ಎರಡು ಮೂರು ಸಲ ಎದ್ದು ಹೊರಗೆ ಹೋಗುತ್ತಿದ್ದರು. ಚೊಂಬು ನೀರೂ ಖಾಲಿ ಆಗುತ್ತಿತ್ತು. “ಬೇಸಿಗೆ ಅಲ್ವಾ, ಅದಕ್ಕೇ ದಾಹ” ಅನ್ನುತ್ತಿದ್ದರು. ಬೇಸಿಗೆ ಮುಗಿಯಿತು. ದಾಹ ಮುಗಿಯಲಿಲ್ಲ. ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇತ್ತು.

ಇದು ಏನು?

ನಾವು ತಿಂದ ಊಟ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮೈಗೆ ಶಕ್ತಿಯಾಗಿ ಕೊಡಲು ಇನ್ಸುಲಿನ್ ಎಂಬ ರಸ ಬೇಕು. ಇನ್ಸುಲಿನ್ ಸಾಲದಿದ್ದರೆ, ಇಲ್ಲವೆ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಮಧುಮೇಹ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಇದೆ ಎಂದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿತು.

ಗುರುತುಗಳು

• ಪದೇ ಪದೇ ಮೂತ್ರ, ತುಂಬಾ ದಾಹ
• ಹೆಚ್ಚು ಹಸಿವು, ಆದರೂ ತೂಕ ಇಳಿಯುವುದು
• ಸುಸ್ತು, ಕಣ್ಣು ಮಂಜಾಗುವುದು
• ಗಾಯ ಬೇಗ ಮಾಯದಿರುವುದು
• ಪಾದ ಜೋಮು ಹಿಡಿಯುವುದು

ಎಷ್ಟೋ ಜನರಿಗೆ ಯಾವ ಗುರುತೂ ಕಾಣುವುದಿಲ್ಲ. ಆದ್ದರಿಂದ 30 ವರ್ಷ ದಾಟಿದವರೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಅಂಕಿ ಓದಿ

ರಾತ್ರಿ ಊಟದ ನಂತರ ಏನೂ ತಿನ್ನದೆ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ:

100ಕ್ಕಿಂತ ಕಡಿಮೆ – ಸರಿ ಇದೆ.
100ರಿಂದ 125 – ಎಚ್ಚರ! ಈಗಲೇ ಊಟ ಬದಲಿಸಿ.
126 ಅಥವಾ ಹೆಚ್ಚು – ಕಾಯಿಲೆ ಇರಬಹುದು. ಮತ್ತೆ ಪರೀಕ್ಷಿಸಿ, ವೈದ್ಯರನ್ನು ಕಾಣಿ.

ಊಟ ಹೇಗಿರಬೇಕು?

“ಮುದ್ದೆ ತಿಂದ್ರೆ ಸಕ್ಕರೆ ಏರಲ್ಲ” ಅನ್ನುತ್ತಾರೆ. ಪೂರ್ತಿ ನಿಜವಲ್ಲ. ರಾಗಿಯಲ್ಲಿ ನಾರು ಇದೆ, ಒಳ್ಳೆಯದು. ಆದರೆ ಎರಡು ದೊಡ್ಡ ಮುದ್ದೆ ತಿಂದರೆ ಸಕ್ಕರೆ ಏರುತ್ತದೆ. ಒಂದು ಸಣ್ಣ ಮುದ್ದೆ ಸಾಕು. ಅದರ ಮೇಲೆ ಮತ್ತೆ ಅನ್ನ ಬೇಡ. ಅರ್ಧ ತಟ್ಟೆ ಸೊಪ್ಪು, ತರಕಾರಿ ಇರಲಿ. ಹುರುಳಿ, ಅಲಸಂದೆ, ಬೇಳೆ ಇರಲಿ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಮನೆಯಲ್ಲೇ ಇರುತ್ತದೆ. ದಿನಕ್ಕೆ ಒಂದು ಸಣ್ಣ ಹಿಡಿ ತಿನ್ನಬಹುದು.

ಹಿಂದೂಪುರ ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಊರು. “ಸಕ್ಕರೆ ಬಿಟ್ಟೆ, ಬೆಲ್ಲದ ಟೀ ಕುಡಿತೀನಿ” ಅನ್ನುವವರು ಬಹಳ. ರಕ್ತಕ್ಕೆ ಎರಡೂ ಒಂದೇ! ಟೀಗೆ ಎರಡೂ ಬೇಡ.

ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ರಾತ್ರಿ ಪಾದ ನೋಡಿಕೊಳ್ಳಿ. ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿ.

ನೆನಪಿಡಿ

ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ ತಗೊಂಡು ಉಪವಾಸ ಇರಬೇಡಿ. ಮಾತ್ರೆ ತಗೊಳ್ಳುವವರಿಗೆ ಕೈ ನಡುಕ, ಬೆವರು, ತಲೆ ಸುತ್ತು ಬಂದರೆ ಸಕ್ಕರೆ ತೀರಾ ಇಳಿದಿರಬಹುದು. ಆಗ ಮಾತ್ರ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. ಆಮೇಲೆ ಊಟ ಮಾಡಿ, ವೈದ್ಯರಿಗೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಆ ಅಕ್ಕನ ಗಾಯ ಈಗ ಮಾಯಿದೆ. ಮೊದಲು ಚೀಟಿಯನ್ನು ಮಗನ ಕೈಗೆ ಕೊಡುತ್ತಿದ್ದರು. ಈಗ ತಾವೇ ಓದಿ, ತಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ: “118.”

ಅಭ್ಯಾಸ

1. ಅಕ್ಕನಿಗೆ ಕಂಡ ಗುರುತುಗಳು ಯಾವುವು?
2. ಬೆಲ್ಲದ ಟೀ ಏಕೆ ಬೇಡ?
3. ನಿಮ್ಮ ಮನೆಯಲ್ಲಿ 30 ವರ್ಷ ದಾಟಿದವರ ಹೆಸರು ಬರೆಯಿರಿ. ಪರೀಕ್ಷೆ ಆಗಿದ್ದರೆ ಎದುರಿಗೆ ಅಂಕಿ ಬರೆಯಿರಿ.