ಪಟ್ಟೆಮೀನು ಸಾಕಿ ಗೆಲ್ಲಲು ಏಳು ಸೂತ್ರಗಳು

“ನನ್ನ ಕೈಗೆ ಮೀನು ಹತ್ತಲ್ಲ, ಮೂರೇ ದಿನಕ್ಕೆ ಸಾಯ್ತವೆ” ಅನ್ನುವ ಚಟ ಮೊದಲು ಬಿಡಿ. ಕೈಗುಣ ಸರಿಯಾಗೇ ಇದೆ, ನೀರು ಸರಿ ಇರಲಿಲ್ಲ. ಇಂದಿರಾನಗರದ ಪಿಜಿಯೋ, ಕೆ.ಆರ್. ಪುರದ ಒನ್ ಬಿಎಚ್‌ಕೆಯೋ, ಎರಡಡಿ ಜಾಗ ಸಿಕ್ಕರೆ ಸಾಕು.

1. ಜೀಬ್ರಾ ಮೀನಿನಿಂದ ಶುರು ಮಾಡಿ.
ನಾಲ್ಕು ಸೆಂಟಿಮೀಟರ್ ಮೈ, ಉದ್ದಕ್ಕೂ ನೀಲಿ ಪಟ್ಟೆ. ನಮ್ಮ ದೇಶದ್ದೇ ಮೀನು. 1800ರಲ್ಲಿ ಮೈಸೂರು ಸೀಮೆ ಸುತ್ತಿ ಬರೆದನಲ್ಲ ಬುಕಾನನ್, ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರ ಗಂಗಾ ಮೀನುಗಳ ಪುಸ್ತಕದಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದ. ಈಗ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಇದರ ಮರಿಗಳ ಮೇಲೆ ನರಮಂಡಲದ ಸಂಶೋಧನೆ ನಡೆಯುತ್ತದೆ. 18 ಡಿಗ್ರಿಗೂ ಜಗ್ಗದ ಮೀನಿದು, ನಮ್ಮ ಡಿಸೆಂಬರ್‌ಗೆ ಹೀಟರ್ ಬೇಡ. ಟೈಗರ್ ಬಾರ್ಬ್ ಚೆಂದವೇ, ಆದರೆ ಸುಮಾತ್ರಾ ಕಡೆಯದು. 24 ಡಿಗ್ರಿ ಕೇಳುತ್ತದೆ, ಪಕ್ಕದವರ ರೆಕ್ಕೆ ಕಚ್ಚುತ್ತದೆ. ಅದು ಮುಂದಿನ ವರ್ಷಕ್ಕಿರಲಿ.

2. ಬೌಲ್ ಬೇಡ, ಟ್ಯಾಂಕ್ ತಗೊಳ್ಳಿ.
2×1×1 ಅಡಿ, ಸುಮಾರು 55 ಲೀಟರ್. ನೀರು ಹೆಚ್ಚಿದ್ದಷ್ಟೂ ನಿಮ್ಮ ತಪ್ಪನ್ನು ತಾಳಿಕೊಳ್ಳುತ್ತದೆ. ಮುಚ್ಚಳ ಹಾಕಿ, ಜೀಬ್ರಾ ಹಾರುತ್ತದೆ.

3. ನಲ್ಲಿಯ ಜಾತಕ ತಿಳಿಯಿರಿ.
ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತದೆ. ಆಂಟಿ-ಕ್ಲೋರಿನ್ ಹನಿ ಹಾಕಿಯೇ ಬಳಸಿ. ಬೋರ್‌ವೆಲ್ ನೀರು ಗಡಸು, ಜೀಬ್ರಾ ಹೊಂದಿಕೊಳ್ಳುತ್ತದೆ. ಟ್ಯಾಂಕರ್ ನೀರು ಒಂದೊಂದು ಲೋಡಿಗೂ ಒಂದೊಂದು ಥರ. ಅದಕ್ಕೇ ಒಂದೇ ಸಲ ಪೂರ್ತಿ ಬದಲಿಸಬೇಡಿ. ವಾರಕ್ಕೆ ಕಾಲು ಭಾಗ ಸಾಕು.

4. ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಸಾಕಿ.
ಬಹುತೇಕರು ಸೋಲುವುದು ಇಲ್ಲೇ. ಮೀನಿನ ಹಿಕ್ಕೆಯಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಸೈನ್ಯ ಕಟ್ಟಲು ನಾಲ್ಕರಿಂದ ಆರು ವಾರ ಬೇಕು. ನೀರು ತುಂಬಿ, ಮೀನು ಬಿಡದೆ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಫೀಡ್ ಹಾಕಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬಂದ ದಿನ ನೀವು ರೆಡಿ.
ಒಂದು ಭಾನುವಾರ ನಾನು ಬಲು ಉತ್ಸಾಹದಲ್ಲಿ ಸ್ಪಂಜನ್ನು ನಲ್ಲಿ ಕೆಳಗಿಟ್ಟು, ತಿಳಿನೀರು ಬರುವವರೆಗೆ ಹಿಂಡಿ ತೊಳೆದೆ. ಬುಧವಾರ ಬೆಳಗ್ಗೆ ನಾಲ್ಕು ಜೀಬ್ರಾ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕ್ಲೋರಿನ್ ನನ್ನ ಸೈನ್ಯವನ್ನೇ ಮುಗಿಸಿತ್ತು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲೇ ಅದ್ದಿ ಹಿಂಡಿ.

5. ಬೆಳಗ್ಗೆಯೇ ಖರೀದಿ ಮುಗಿಸಿ.
ಶಿವಾಜಿನಗರದಲ್ಲಿ ಮೀನು ಕವರ್‌ಗೆ ಕಟ್ಟಿಸಿಕೊಂಡು ಸಂಜೆ ಟಿನ್ ಫ್ಯಾಕ್ಟರಿ ಜಾಮಿಗೆ ಸಿಕ್ಕಿಕೊಂಡಿರೋ, ಕವರ್ ನೀರು ಬಿಸಿಯಾಗುತ್ತದೆ. ಅಂಗಡಿಯ ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಕಂಡರೂ ಅದರಿಂದ ಕೊಳ್ಳಬೇಡಿ. ರೆಕ್ಕೆ ಮಡಚಿ ಮೂಲೆ ಸೇರಿದ್ದು ಬೇಡ, ಚುರುಕಾಗಿ ಓಡುವ ಆರು ಆರಿಸಿ. ಗುಂಪಿಲ್ಲದೆ ಜೀಬ್ರಾ ಬೆದರುತ್ತದೆ. ಮನೆಯಲ್ಲಿ ಕವರನ್ನು ಇಪ್ಪತ್ತು ನಿಮಿಷ ತೇಲಿಸಿ, ಮೀನನ್ನು ಬಲೆಯಲ್ಲಿ ಬಿಡಿ. ಅಂಗಡಿ ನೀರು ಸಿಂಕಿಗೆ.

6. ಕೈ ಬಿಗಿ ಹಿಡಿಯಿರಿ.
ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಫೀಡ್. ಉಳಿದದ್ದು ಕೊಳೆತು ಮತ್ತೆ ಅಮೋನಿಯಾ. ವೀಕೆಂಡ್ ಊರಿಗೆ ಹೊರಟಿರಾ? ಎರಡು ದಿನ ಉಪವಾಸಕ್ಕೆ ಏನೂ ಆಗಲ್ಲ, ರೂಮ್‌ಮೇಟ್ ಕೈಗೆ ಡಬ್ಬಿ ಮಾತ್ರ ಕೊಡಬೇಡಿ.

7. ಸಾಕಾಯಿತೆಂದು ಕೆರೆಗೆ ಬಿಡಬೇಡಿ.
ಕೆಲಸ ಬದಲಾಗಬಹುದು, ಮನೆ ಬದಲಾಗಬಹುದು. ಹಲಸೂರು ಕೆರೆ ನಿಮ್ಮ ಟ್ಯಾಂಕಿನ ಮೋರಿಯಲ್ಲ. ಹೊರಗಿನ ಮೀನು, ಹೊರಗಿನ ರೋಗ ಎರಡೂ ಅಲ್ಲಿ ಸೇರಬಾರದು. ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಇನ್ನೊಬ್ಬ ಸಾಕುವವರಿಗೆ ಟ್ಯಾಂಕ್ ಸಮೇತ ದಾಟಿಸಿ.