ಮೂರ್ಛೆ ಬಂದಾಗ ಮನೆಯಲ್ಲಿ ಕೊಡುವ ಔಷಧ



ಕಳೆದ ಹಂಗಾಮಿನಲ್ಲಿ ಮುಧೋಳ ಕಡೆಯ ಒಂದು ತೋಟದ ಮನೆಯಲ್ಲಿ ಕಬ್ಬಿನ ಬೀಜೋಪಚಾರ ತೋರಿಸುತ್ತಿದ್ದೆ. ಅಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ನೆಲಕ್ಕೆ ಬಿದ್ದು, ಕೈಕಾಲು ಸೆಟೆದು ಒದ್ದಾಡತೊಡಗಿದ. ಒಬ್ಬರು ಅವನ ಕೈಗೆ ಕೀಲಿಕೈ ಹಿಡಿಸಿದರು, ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಅವನ ಅವ್ವ ಒಳಗಿನಿಂದ ಸಣ್ಣದೊಂದು ಸೀಸೆ ತಂದಳು. ಮುಚ್ಚಳ ಮಾತ್ರ ತೆಗೆಯಲಿಲ್ಲ. “ಇದನ್ನ ಹಾಕಿದ್ರ ಉಸಿರ ನಿಂತೀತು ಅಂತಾರ್ರೀ” ಎಂದಳು. ಮೂರ್ಛೆ ತಾನಾಗಿಯೇ ಇಳಿಯಿತು. ಅದು ಎಷ್ಟು ನಿಮಿಷ ಇತ್ತೆಂಬುದನ್ನು ಯಾರೂ ನೋಡಿರಲಿಲ್ಲ, ಕೈಗಡಿಯಾರ ಕಟ್ಟಿಕೊಂಡಿದ್ದ ನಾನೂ ನೋಡಿರಲಿಲ್ಲ.

ಇದು ಅಪರೂಪದ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ೨೦೦೪ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಗರದ ಸಾವಿರ ಜನರಲ್ಲಿ ಸುಮಾರು ೬ ಮಂದಿಗೆ, ಸುತ್ತಲಿನ ಹಳ್ಳಿಗಳ ಸಾವಿರ ಜನರಲ್ಲಿ ಸುಮಾರು ೧೨ ಮಂದಿಗೆ ಮೂರ್ಛೆರೋಗ ಕಂಡುಬಂದಿತು. ನಮ್ಮ ಕಡೆಗೂ ಅದೇ ಲೆಕ್ಕ ಹಿಡಿದರೆ, ಎರಡು ಸಾವಿರ ಜನರಿರುವ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು.

ಬಹಳಷ್ಟು ಸಲ ಮೂರ್ಛೆ ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಂಭವ ಕಡಿಮೆ. ಬಣವೆಗೆ ಬಿದ್ದ ಕಿಡಿಯನ್ನು ಮೊದಲು ಒಂದು ಕೊಡ ನೀರು ಆರಿಸುತ್ತದೆ, ತಡವಾದರೆ ಬಾವಿಯ ನೀರೂ ಸಾಲದು. ಇಲ್ಲಿಯೂ ಹಾಗೆಯೇ, ತಡವಾದಷ್ಟೂ ಅದೇ ಔಷಧದ ಬಲ ಕುಗ್ಗುತ್ತದೆ. ನದಿಯಾಚೆಯ ತೋಟದಿಂದ ಆಸ್ಪತ್ರೆ ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕೆಂದು ತಮಗೇ ಗೊತ್ತು. ಆದಕಾರಣವೇ ವೈದ್ಯರು ಮಿಡಜೋಲಾಮ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸುವ ಸೀಸೆಯಲ್ಲಿ ಬರೆದುಕೊಡುತ್ತಾರೆ. ಸೂಜಿ ಬೇಡ, ರೋಗಿ ನುಂಗಬೇಕಾಗಿಯೂ ಇಲ್ಲ.

ಇನ್ನು ಉಸಿರಿನ ಭಯ. ಈ ಜಾತಿಯ ಔಷಧ ನಿದ್ರೆ ತರುತ್ತದೆ, ಹೆಚ್ಚಾದರೆ ಉಸಿರನ್ನೂ ಮಂದ ಮಾಡುತ್ತದೆ. ಆ ತಾಯಿ ಅಂಜಿದ್ದು ಸುಳ್ಳಿಗಲ್ಲ. ಆದರೆ ನಿಲ್ಲದ ಮೂರ್ಛೆ ಉಸಿರನ್ನು ಇದಕ್ಕಿಂತ ಹೆಚ್ಚಾಗಿ ಕೆಡಿಸುತ್ತದೆ. ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಂಬುಲೆನ್ಸ್ ಸಿಬ್ಬಂದಿ ಇದೇ ಜಾತಿಯ ಔಷಧಗಳನ್ನು ಕೊಟ್ಟು ನೋಡಿದ ಪ್ರಯೋಗವೊಂದು ೨೦೦೧ರಲ್ಲಿ ಪ್ರಕಟವಾಯಿತು. ಉಸಿರಾಟ ಅಥವಾ ರಕ್ತಸಂಚಾರದ ತೊಂದರೆ ಔಷಧ ಪಡೆದ ನೂರರಲ್ಲಿ ೧೦–೧೧ ಜನರಿಗೆ ಆಯಿತು, ಬರಿಯ ನೀರಿನಂಥ ಸೂಜಿ ಪಡೆದವರಲ್ಲಿ ೨೨–೨೩ ಜನರಿಗೆ. ಅಲ್ಲಿ ಕೊಟ್ಟದ್ದು ನರದ ಸೂಜಿ, ಕೊಟ್ಟವರು ತರಬೇತಾದವರು ಎಂಬುದನ್ನೂ ಹೇಳಬೇಕು. ಮನೆಯಲ್ಲಿ ಕೊಡುವಾಗ ಸುರಕ್ಷತೆ ನಿಂತಿರುವುದು ಅಳತೆಯ ಮೇಲೆ.

ಬೆಳೆಗೆ ಔಷಧ ಹೊಡೆಯುವಾಗ ಪಂಪಿಗೆ ಎಷ್ಟೆಂದು ಕೇಳಿಯೇ ಬೆರೆಸುತ್ತೀರಷ್ಟೆ? ಇಲ್ಲಿ ಅಳತೆ ರೋಗಿಯ ತೂಕದ ಮೇಲೆ. ಒಮ್ಮೆ ಒತ್ತಿದರೆ ಬೀಳುವ ಪ್ರಮಾಣ ಎಲ್ಲ ಸೀಸೆಗಳಲ್ಲೂ ಒಂದೇ ಇರುವುದಿಲ್ಲ. ಯಾವ ಹೊಳ್ಳೆಗೆ ಎಷ್ಟು ಸಲ, ಎಷ್ಟನೆಯ ನಿಮಿಷಕ್ಕೆ ಎಂಬುದನ್ನು ವೈದ್ಯರಿಂದ ಬರೆಯಿಸಿಕೊಂಡು, ಸೀಸೆ ಇಡುವಲ್ಲೇ ಗೋಡೆಗೆ ಅಂಟಿಸಿರಿ. ಒಬ್ಬರ ಸೀಸೆ ಮತ್ತೊಬ್ಬರಿಗೆ ಬೇಡ. ವೈದ್ಯರು ಹೇಳದೆ ಎರಡನೆಯ ಸಲ ಹಾಕಬಾರದು. ರೋಗಿ ಸೆರೆ ಕುಡಿದಿದ್ದರೆ ಅಥವಾ ನಿದ್ರೆಯ ಗುಳಿಗೆ ತಿನ್ನುವವನಿದ್ದರೆ ಅಪಾಯ ಹೆಚ್ಚು; ಇದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಬಿದ್ದವನನ್ನು ಮೊದಲು ಒಲೆ, ಮಗ್ಗ, ಕಾಲುವೆಗಳಿಂದ ಸರಿಸಿ, ಗಡಿಯಾರ ನೋಡಿರಿ. ಬಾಯಿಗೆ ಚಮಚೆ, ನೀರು ಏನನ್ನೂ ಹಾಕದಿರಿ, ಒತ್ತಿ ಹಿಡಿಯದಿರಿ. ಔಷಧ ಹಾಕಿದ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಎಚ್ಚರಾಗುವವರೆಗೆ ಉಸಿರು ನೋಡುತ್ತ ಕುಳಿತಿರಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ತುಟಿ ನೀಲಿಯಾಗಿ ಉಸಿರು ಮಂದವಾದರೆ, ಎಚ್ಚರಾಗುವ ಮೊದಲೇ ಮತ್ತೆ ಬಂದರೆ ೧೦೮ಕ್ಕೆ ಕರೆ ಮಾಡಲೇಬೇಕು. ಬಸುರಿಗೆ ಬಂದರೂ, ಜೀವನದಲ್ಲಿ ಮೊದಲ ಸಲ ಬಂದರೂ ಹಾಗೆಯೇ. ಸೀಸೆ ಮನೆಯಲ್ಲಿದೆಯೆಂದು ದಿನದ ಗುಳಿಗೆ ಬಿಡುವವರಿದ್ದಾರೆ. ಇದು ಆ ಗುಳಿಗೆಯ ಬದಲಿಗೆ ಬರುವುದಲ್ಲ.

ಆ ದಿನ ಹುಡುಗ ಎಚ್ಚರಾದ ಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಅದರ ಅವಧಿ ಮುಗಿದು ಏಳು ತಿಂಗಳಾಗಿತ್ತು. ತಮ್ಮ ಮನೆಯಲ್ಲಿ ಇಂಥ ಸೀಸೆಯಿದ್ದರೆ ಇಂದೇ ಅದರ ತಾರೀಖು ನೋಡಿರಿ.