ಹರಕೆಯ ಮಗ ಬ್ರದರ್ ಆಗ್ತಾನಂತೆ

ಪ್ರಶ್ನೆ: ನಾವು ಮೂಲತಃ ಹರಿಹರದವರು, ಕಥೋಲಿಕರು. ಯಜಮಾನರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಊರಿಗೆಲ್ಲ ಸೈರನ್ ಕೇಳಿಸುತ್ತಿದ್ದ ಆ ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತು. ಆಮೇಲೆ ದಾವಣಗೆರೆಗೆ ಬಂದು ಸಣ್ಣ ವರ್ಕ್‌ಶಾಪ್ ನಡೆಸಿ, ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಅವರು ತೀರಿಕೊಂಡು ಆರು ವರ್ಷವಾಯಿತು. ಇರುವವನು ಒಬ್ಬನೇ ಮಗ, 23 ವರ್ಷ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಕೆಲಸದಲ್ಲಿದ್ದಾನೆ. ಎರಡು ವರ್ಷದಿಂದ ಭಾನುವಾರ ಪೂಜೆ ಮುಗಿಸಿಕೊಂಡು ಡಾನ್ ಬಾಸ್ಕೊದವರ ಹತ್ತಿರ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದ. ಈಗ ಅವರ ಸಂನ್ಯಾಸಿ ಸಭೆಗೇ ಸೇರುತ್ತೇನೆ ಅನ್ನುತ್ತಾನೆ. ಅದೂ ಫಾದರ್ ಆಗುವುದಿಲ್ಲವಂತೆ, ಬ್ರದರ್ ಆಗಿಯೇ ಇರುತ್ತಾನಂತೆ. ಈಗಿನ ಹುಡುಗರಿಗೆ ಮೊಬೈಲ್ ಒಂದಿದ್ದರೆ ಸಾಕು, ಬಡ ಮಕ್ಕಳಿಗೆ ಸರ್ಕಾರವೇ ಎಲ್ಲ ಕೊಡುತ್ತಿದೆ. ಇನ್ನು ಮೂವತ್ತು ವರ್ಷಕ್ಕೆ ಇವರ ಕೆಲಸ ಯಾರಿಗೆ ಬೇಕು? ಅದೂ ಬಾಗಿಲು ಹಾಕಿದರೆ ನನ್ನ ಮಗನ ಗತಿ ಏನು? ಮಾತೆ ಕೊಟ್ಟದ್ದನ್ನು ವಾಪಸ್ ಕೇಳುತ್ತಿದ್ದಾಳೋ ಏನೋ. ಅಂದಹಾಗೆ ನನಗೆ ಮಂಡಿನೋವು, ರಾತ್ರಿ ಒಬ್ಬಳೇ ಮೆಟ್ಟಿಲು ಹತ್ತಲು ಆಗುವುದಿಲ್ಲ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ನೀವು ಬರೆದದ್ದು ನಾಲ್ಕು ಪುಟ. ಇಲ್ಲಿ ಅಚ್ಚಾಗಿರುವುದು ಅದರ ಸಾರಾಂಶ. ಮೂರೂಮುಕ್ಕಾಲು ಪುಟದ ತುಂಬ ಸಲೇಷಿಯನ್ ಸಭೆಯ, ಅಂದರೆ ಡಾನ್ ಬಾಸ್ಕೊದವರ, ಭವಿಷ್ಯದ ಚಿಂತೆ. ಮಂಡಿನೋವಿಗೆ ಸಿಕ್ಕಿದ್ದು ಕೊನೆಯ ಒಂದು ಸಾಲು. ಆ ಸಾಲಿಗೆ ಆಮೇಲೆ ಬರುತ್ತೇನೆ. ಕೇಳಿದ್ದಕ್ಕೆ ಮೊದಲು ಉತ್ತರ ಹೇಳಬೇಕಲ್ಲ.

ಸಭೆ ಕುಗ್ಗಿರುವುದು ನಿಜ. ಡಾನ್ ಬಾಸ್ಕೊ ಎಂದೇ ಹೆಸರಾದ ಜಾನ್ ಬೋಸ್ಕೊ ಎಂಬ ರೈತರ ಮನೆಯ ಪಾದ್ರಿ ಇಟಲಿಯ ಟ್ಯೂರಿನ್‌ನಲ್ಲಿ 1859ರ ಡಿಸೆಂಬರ್ 18ರಂದು ಬೆರಳೆಣಿಕೆಯ ಹುಡುಗರನ್ನು ಕಟ್ಟಿಕೊಂಡು ಇದನ್ನು ಶುರು ಮಾಡಿದರು. 1960ರ ದಶಕದ ಹೊತ್ತಿಗೆ ಸದಸ್ಯರು 20 ಸಾವಿರ ದಾಟಿದ್ದರು. ಈಗ 14 ಸಾವಿರದ ಆಸುಪಾಸು. ಯುರೋಪಿನ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಮುದುಕರು. ಹೊಸಬರು ಬರುತ್ತಿರುವುದು ಹೆಚ್ಚಾಗಿ ಆಫ್ರಿಕಾದಿಂದ, ನಮ್ಮ ಭಾರತದಿಂದ, ವಿಯೆಟ್ನಾಂನಂಥ ದೇಶಗಳಿಂದ. ಇಲ್ಲಿಯೂ ಮನೆಗೆ ಒಂದೋ ಎರಡೋ ಮಕ್ಕಳಾದ ಮೇಲೆ 'ಒಬ್ಬನನ್ನು ದೇವರಿಗೆ ಕೊಡೋಣ' ಎನ್ನುವ ಧಾರಾಳತನ ಎಲ್ಲಿಂದ ಬರಬೇಕು? ನಿಮ್ಮ ಮನೆಯೇ ಉದಾಹರಣೆ. ಅವರಿಗೂ ಇದು ಗೊತ್ತಿದೆ. 2025ರಲ್ಲಿ ಟ್ಯೂರಿನ್‌ನಲ್ಲಿ ಸೇರಿದ 29ನೇ ಮಹಾಸಭೆ ಮಾಲ್ಟಾದ ಫ್ಯಾಬಿಯೊ ಅಟ್ಟಾರ್ಡ್ ಅವರನ್ನು ಮುಖ್ಯಸ್ಥರನ್ನಾಗಿ ಆರಿಸಿತು. ಮುಂದಿನ ದಿನಗಳಲ್ಲಿ ಸಂಸಾರಸ್ಥರ ಜೊತೆ ಹೆಗಲು ಕೊಟ್ಟೇ ಕೆಲಸ ಮಾಡಬೇಕು ಎಂಬುದು ಅಲ್ಲಿ ಮತ್ತೆ ಮತ್ತೆ ಬಂದ ಮಾತು. ನಿಮ್ಮ ಮಗ ಇಷ್ಟು ದಿನ ಭಾನುವಾರ ಮಾಡುತ್ತಿದ್ದದ್ದು ಅದನ್ನೇ.

ಆದರೆ ಕಾರ್ಖಾನೆಗೂ ಇದಕ್ಕೂ ನೀವು ಹಾಕಿದ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಲೇತ್ ಕೊಳ್ಳುವವರು ಕಡಿಮೆಯಾದರೆ ಲೇತ್ ಕಾರ್ಖಾನೆ ಮುಚ್ಚುತ್ತದೆ. ಇವರಿಗೆ ಬರುವ ಆರ್ಡರ್ ನಿಂತಿದೆಯಾ, ನೀವೇ ಸುತ್ತ ನೋಡಿ ಹೇಳಿ.

ಕಳೆದ ಸಲ ನಿಮ್ಮೂರಿಗೆ ಬಂದಾಗ ಬೆಣ್ಣೆದೋಸೆ ತಿನ್ನಲು ಒಂದು ಹೋಟೆಲಿಗೆ ಹೋಗಿದ್ದೆ. ಟೇಬಲ್ ಒರೆಸಲು ಬಂದ ಹುಡುಗನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅಳತೆ ಮೀರಿದ ಅಂಗಿ, ಹೆಗಲ ಮೇಲೆ ಒದ್ದೆ ಬಟ್ಟೆ. ನಾನು ಸುಮ್ಮನೆ ಮುಖ ನೋಡಿದೆ ಅಷ್ಟೆ. ಏನೂ ಕೇಳುವ ಮೊದಲೇ "ಹದಿನೆಂಟು ತುಂಬೇತ್ರಿ" ಅಂದ. ಯಾರೋ ಬಾಯಿಪಾಠ ಮಾಡಿಸಿದ್ದರು. ದೋಸೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ಎರಡು ತಿಂದೆ. ಆದರೆ ಆ 'ಹದಿನೆಂಟು' ಇವತ್ತಿಗೂ ಕಿವಿಯಲ್ಲಿದೆ.

ಆ ಹುಡುಗನ ಹಿಂದಿನ ತಲೆಮಾರು ನಿಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ, ಕಾದ ಮರಳಿನ ಬಾಣಲೆ ಪಕ್ಕದಲ್ಲಿ ನಿಂತಿತ್ತು. ದಾವಣಗೆರೆಯಲ್ಲಿ ಡಾನ್ ಬಾಸ್ಕೊದವರು ಬಾಲಕಾರ್ಮಿಕರ ಹೆಸರಿನಲ್ಲೇ ಮಿಷನ್ ತೆರೆದದ್ದು ಸುಮ್ಮನೆ ಅಲ್ಲ. 2016ರ ತಿದ್ದುಪಡಿಯಿಂದ 14 ತುಂಬದವರನ್ನು ಮನೆಯವರ ಕಸುಬಿಗೆ ಕೈಜೋಡಿಸುವಂಥ ವಿನಾಯಿತಿ ಬಿಟ್ಟರೆ ದುಡಿಸುವುದಕ್ಕೆ ನಿಷೇಧ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹಾಗಾಗಿ ಚಿಕ್ಕವರು ಕಣ್ಣಿಗೆ ಬೀಳುವುದು ಕಡಿಮೆಯಾಗಿದೆ. ಈಗ ಕಷ್ಟವಿರುವುದು ಎಸ್ಸೆಸ್ಸೆಲ್ಸಿ ಫೇಲಾಗಿ ಅತ್ತ ಶಾಲೆಯೂ ಇಲ್ಲ, ಇತ್ತ ಕಸುಬೂ ಇಲ್ಲ ಎಂದು ಅಲೆಯುವ ಹದಿನಾರರ ಹುಡುಗನದು. ಅವನ ಕೈಯಲ್ಲೂ ಮೊಬೈಲ್ ಇದೆ, ನೀವು ಹೇಳಿದ್ದು ಸರಿ. ಅದರಲ್ಲಿ ಆಟವಾಡಿ ಸಾಲ ಮಾಡಿಕೊಂಡಿರುತ್ತಾನೆ. ಸರ್ಕಾರ ಅಕ್ಕಿ ಕೊಡುತ್ತದೆ, ಬಿಸಿಯೂಟ ಕೊಡುತ್ತದೆ, ಸೈಕಲ್ ಕೊಟ್ಟದ್ದೂ ಉಂಟು. 'ಯಾಕೋ ಎರಡು ದಿನದಿಂದ ಬಂದಿಲ್ಲ?' ಅಂತ ಮನೆ ಬಾಗಿಲಿಗೆ ಬಂದು ಕೇಳುವ ಇಲಾಖೆ ಇನ್ನೂ ಆಗಿಲ್ಲ.

ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಓಡಿಹೋಗುವ ಹುಡುಗರ ಕಥೆ ನಿಮಗೆ ಗೊತ್ತಿರುತ್ತದೆ. ಅಂಥವರಿಗಾಗಿ 1980ರಲ್ಲಿ ಕೆಲವು ಎಳೆಯ ಸಲೇಷಿಯನ್ನರು ಬೀದಿಗಿಳಿದು ಕಟ್ಟಿದ್ದೇ 'ಬೆಂಗಳೂರು ಓಣಿಯವರ ಸೇವಾ ಕೂಟ'. ಇಂಗ್ಲಿಷ್ ಅಕ್ಷರ ಜೋಡಿಸಿದರೆ ಬೋಸ್ಕೊ ಅಂತಲೇ ಆಗುತ್ತದೆ. ಓಣಿ ಎನ್ನುವ ಪದವನ್ನು ಹೆಸರಿಗೇ ಹಾಕಿಕೊಂಡ ಇಂಥ ಸಂಸ್ಥೆ ಇನ್ನೊಂದು ನನಗೆ ನೆನಪಾಗುತ್ತಿಲ್ಲ. ಇದೇ ಸಭೆಯವರು ದೊಡ್ಡ ಫೀಸಿನ ಇಂಗ್ಲಿಷ್ ಶಾಲೆಗಳನ್ನೂ ನಡೆಸುತ್ತಾರೆ, ಅದನ್ನೂ ಹೇಳಬೇಕು. ನನ್ನನ್ನು ಕೇಳಿದರೆ ಇವರ ಮುಂದಿನ ಹಾದಿ ಆ ಶಾಲೆಗಳ ಗೇಟಿನ ಒಳಗಿಲ್ಲ, ಹೊರಗಿದೆ. ಮಗ ಅಲ್ಲಿಗೆ ಹೋಗಲು ಮನಸ್ಸು ಮಾಡಿದ್ದರೆ ಸರಿಯಾದ ಕಡೆಗೇ ನೋಡುತ್ತಿದ್ದಾನೆ.

ಇನ್ನು ಬ್ರದರ್ ವಿಷಯ. 'ಫಾದರ್ ಆದರೆ ಮರ್ಯಾದೆ, ಬ್ರದರ್ ಅಂದರೆ ಅರ್ಧಕ್ಕೆ ನಿಂತವನು' ಅಂತ ನಿಮ್ಮ ನಾದಿನಿ ಅಂದರೆಂದು ಬರೆದಿದ್ದೀರಿ. ಈ ಸಭೆಯಲ್ಲಿ ಬ್ರದರ್ ಅರ್ಧದವನಲ್ಲ. ವ್ರತ ಎಲ್ಲರಿಗೂ ಒಂದೇ, ಪೂಜೆ ಅರ್ಪಿಸುವುದಿಲ್ಲ ಅಷ್ಟೆ. ಐಟಿಐ, ಪ್ರೆಸ್, ವರ್ಕ್‌ಶಾಪ್ ಬಹುಕಾಲ ನಡೆದದ್ದು ಇವರ ಕೈಯಲ್ಲೇ. ಅರ್ಜೆಂಟೀನಾದ ವಿಯೆಡ್ಮಾ ಊರಿನಲ್ಲಿ ಸೈಕಲ್ ತುಳಿದುಕೊಂಡು ಬಡ ರೋಗಿಗಳ ಮನೆಮನೆಗೆ ಹೋಗುತ್ತಿದ್ದ ಆರ್ತೆಮಿದೆ ಜಾತ್ತಿ ಬ್ರದರ್ ಆಗಿಯೇ ತೀರಿಕೊಂಡವರು. 2022ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನಾದಿನಿಗೆ ಹೇಳಿ.

ಟರ್ನರ್ ಮನೆಯವರಾದ ನಿಮಗೆ ಇನ್ನೊಂದು ಸಂಗತಿ ಹಿಡಿಸಬಹುದು. ಜಾನ್ ಬೋಸ್ಕೊ ಹುಡುಗರನ್ನು ಕಸುಬಿಗೆ ಕಳಿಸುವಾಗ ಯಜಮಾನನ ಜೊತೆ ಕರಾರು ಬರೆಸುತ್ತಿದ್ದರು. 1852ರದೊಂದು ಕರಾರು, ಬಡಗಿ ಕೆಲಸಕ್ಕೆ ಸೇರಿದ ಹುಡುಗನದು, ಮುದ್ರಾಂಕದ ಕಾಗದದ ಮೇಲೆ ಬರೆದದ್ದು, ಇನ್ನೂ ಉಳಿದಿದೆ. ಅದರಲ್ಲಿರುವುದು ಇಷ್ಟು: ಹುಡುಗನನ್ನು ಹೊಡೆಯಕೂಡದು, ಬಾಯಲ್ಲಿ ಹೇಳಿ ತಿದ್ದಬೇಕು. ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಕೂಡದು. ಹಬ್ಬದ ದಿನ ರಜೆ. ನಿಮ್ಮ ಯಜಮಾನರು ಹುಡುಗನಾಗಿ ಕೆಲಸ ಕಲಿಯುವಾಗ ಯಾರಾದರೂ ಅವರಿಗಾಗಿ ಇಂಥ ಕಾಗದ ಬರೆಸಿದ್ದರಾ? ದೋಸೆ ಹೋಟೆಲಿನ ಹುಡುಗನಿಗಂತೂ ಬರೆಸಿದವರಿಲ್ಲ.

ಈಗ ಮಂಡಿನೋವು, ಅಂದರೆ ಒಬ್ಬಳೇ ಉಳಿಯುವ ಭಯ. ಜಾನ್ ಬೋಸ್ಕೊಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿತಾ ಒಬ್ಬರೇ ಸಾಕಿದರು. 1846ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಹಳ್ಳಿಯ ಮನೆ ಬಿಟ್ಟು ಮಗನ ಜೊತೆ ಟ್ಯೂರಿನ್‌ಗೆ ಬಂದು ಬೀದಿ ಹುಡುಗರಿಗೆ ಅಡುಗೆ ಮಾಡಿದರು, ಅಂಗಿ ಹೊಲಿದರು. ಅವರು ಬೆಳೆಸಿದ ತರಕಾರಿ ಮಡಿಯನ್ನು ಹುಡುಗರು ಯುದ್ಧದಾಟ ಆಡಿ ತುಳಿದುಹಾಕಿದ್ದಕ್ಕೆ 'ಸಾಕು, ಊರಿಗೆ ಹೋಗ್ತೀನಿ' ಎಂದು ರೇಗಿದ್ದರಂತೆ. ಆದರೂ ಹೋಗಲಿಲ್ಲ. ನೀವೂ ಹಾಗೆ ಮಾಡಿ ಅಂತ ಇದನ್ನು ಹೇಳುತ್ತಿಲ್ಲ. ಮಂಡಿನೋವಿನವರಿಗೆ ನೂರು ಜನರ ಅಡುಗೆ ಯಾಕೆ? ಆದರೆ ಮಗನನ್ನು ಸಭೆಗೆ ಕೊಟ್ಟ ತಾಯಿ ಮಗನನ್ನು ಕಳೆದುಕೊಂಡವಳಾಗಲೇಬೇಕೆಂದು ಎಲ್ಲಿಯೂ ಬರೆದಿಲ್ಲ.

ಇವತ್ತು ಹೋದವನು ನಾಳೆಯೇ ಬ್ರದರ್ ಆಗುವುದಿಲ್ಲ. ಮೊದಲು ಅಲ್ಲಿ ಇದ್ದು ನೋಡುವ ಕಾಲ, ಆಮೇಲೆ ಒಂದು ವರ್ಷದ ನವಶಿಷ್ಯತನ, ಆಮೇಲೆ ತಾತ್ಕಾಲಿಕ ವ್ರತ. ಅದು ಕನಿಷ್ಠ ಮೂರು ವರ್ಷ. ಆ ಅವಧಿ ಮುಗಿದಾಗ ಅವನು ಬಿಡಬಹುದು, ಅವರೂ ಬೇಡವೆನ್ನಬಹುದು. ಇಷ್ಟೆಲ್ಲ ದಾಟಿದ ಮೇಲೆ ಆಜೀವ ವ್ರತ. ಒಬ್ಬಳೇ ತಾಯಿ ಇದ್ದಾಳೆ, ಕಾಲು ನೋವು ಎಂಬುದನ್ನು ಸೇರುವ ಮೊದಲೇ ಮೇಲಿನವರಿಗೆ ಹೇಳಲು ಮಗನಿಗೆ ತಿಳಿಸಿ. ಮುಚ್ಚಿಟ್ಟು ಸೇರುವುದು ಬೇಡ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಎಷ್ಟೋ ದೇಶಗಳಲ್ಲಿ ಚರ್ಚಿನ ಸಂಸ್ಥೆಗಳಲ್ಲಿಯೇ ಮಕ್ಕಳಿಗೆ ಅನ್ಯಾಯವಾಗಿದೆ. ಹಾಗಾಗಿ ಅಲ್ಲಿ ಮಕ್ಕಳ ರಕ್ಷಣೆಯ ನಿಯಮ ಏನಿದೆ, ದೂರು ಕೊಡುವುದು ಯಾರಿಗೆ, ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆಯೇ ಬರುತ್ತಾರಾ ಎಂದು ನೀವೇ ಹೋಗಿ ಕೇಳಿ. ಮತಾಂತರದ ಮಾತಾಡುವ ಅಕ್ಕಪಕ್ಕದವರಿಗೂ ಈ ಉತ್ತರಗಳೇ ಸಾಕು. ಕೇಳಿದ್ದಕ್ಕೆ ಸಿಡುಕಿದರೆ ಮಗನನ್ನು ಅಲ್ಲಿಗೆ ಕಳಿಸಬೇಡಿ.

ಜನವರಿ 31 ಜಾನ್ ಬೋಸ್ಕೊ ಹಬ್ಬ, ಅವತ್ತು ಹೋಗಿ. ಹುಡುಗರು ಹೇಗಿದ್ದಾರೆ, ನಿಮ್ಮ ಮಗ ಅವರ ನಡುವೆ ಹೇಗಿರುತ್ತಾನೆ ನೋಡಿ. ಕೆಲಸ ಬಿಡದೆ ಇನ್ನೊಂದು ವರ್ಷ ಈಗಿನಂತೆಯೇ ಹೋಗಿಬರಲು ಹೇಳಿ. ಅಷ್ಟರಲ್ಲಿ ನೀವು ಮಂಡಿಗೆ ಮೂಳೆ ಡಾಕ್ಟರನ್ನು ನೋಡಿ, ಮಲಗುವ ಕೋಣೆಯನ್ನು ಕೆಳಕ್ಕೆ ಇಳಿಸಿ, ಮಹಡಿಯನ್ನು ಒಂದು ಒಳ್ಳೆಯ ಕುಟುಂಬಕ್ಕೆ ಬಾಡಿಗೆಗೆ ಕೊಡಿ. ವ್ರತ ತೊಡುವ ಮೊದಲು ತನ್ನ ಆಸ್ತಿಯನ್ನು ಯಾರು ನೋಡಿಕೊಳ್ಳಬೇಕೆಂದು ಮಗ ಬರೆದುಕೊಡಬೇಕಾಗುತ್ತದೆ, ಆಜೀವ ವ್ರತಕ್ಕೆ ಮೊದಲು ಉಯಿಲನ್ನೂ ಮಾಡಬೇಕು. ಅದರಲ್ಲಿ ನಿಮ್ಮ ಹೆಸರು ಇರಲಿ. ನಿಜಲಿಂಗಪ್ಪ ಬಡಾವಣೆಯ ಮನೆಯಂತೂ ನಿಮ್ಮ ಹೆಸರಿನಲ್ಲೇ ಇರಲಿ, ಯಾರು ಏನೇ ಹೇಳಿದರೂ ಮಾರಬೇಡಿ.